ಬಿಲ್ಲೆಯ ಬೆನ್ನು

ಆಚಾರ್ರ ಕೈಗೆ ಯಾವ ಒಡವೆ ಕೊಟ್ಟರೂ ಮೊದಲು ಮಗುಚಿ ಬೆನ್ನು ನೋಡುತ್ತಾರೆ. ಮುಖದ ಕಡೆ ಕಣ್ಣು ಹಾಯಿಸುವುದು ಆಮೇಲೆ, ಅದೂ ಮನಸ್ಸಾದರೆ. ಅವರ ಬಳಿ ಕೆಲಸ ಕಲಿಯಲು ಸೇರಿದ ಮೊದಲ ವರ್ಷ ನನಗೆ ಇದು ಅವಮಾನದಂತೆ ಕಾಣುತ್ತಿತ್ತು. ಶಿಲ್ಪಕಲೆಯಲ್ಲಿ ಪದವಿ ಮುಗಿಸಿ ಬಂದವಳು ನಾನು. ಬಳ್ಳಿ, ಎಲೆ, ಹೂವು ಎಂದು ವಾರಗಟ್ಟಲೆ ತಿದ್ದಿ ತಂದದ್ದನ್ನು ಈ ಮನುಷ್ಯ ದೋಸೆಯಂತೆ ಮಗುಚಿ, ಹೆಬ್ಬೆರಳಿನಿಂದ ಸವರಿ, "ಇಲ್ಲಿ ಬೆಸುಗೆ ಹರಿದು ಕೂತಿದೆ, ಅರ ಹಾಕು" ಎಂದು ಹಿಂದಕ್ಕೆ ತಳ್ಳುತ್ತಿದ್ದರು.

ಅವರಿಗೆ ಬೇರೆ ಹೆಸರಿದೆ. ಬೀದಿಯವರಿಗೆಲ್ಲ ಆಚಾರ್ರು, ನನಗೂ ಆಚಾರ್ರು. ಮೈಸೂರಿನ ಅಶೋಕ ರಸ್ತೆಯಿಂದ ಒಳಕ್ಕೆ ಹೊರಳುವ ಗಲ್ಲಿಯೊಂದರಲ್ಲಿ ಅವರ ಕೋಣೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಗೋಡೆಯಲ್ಲಿ ಕಾಳಿಕಾಂಬೆಯ ಪಟ, ಕೆಳಗೆ ಹುಣಸೆ ಮರದ ದಿಮ್ಮಿಯಲ್ಲಿ ಹೂತ ಅಡಿಗಲ್ಲು, ಪಕ್ಕದಲ್ಲಿ ಕೈಯಿಂದ ತಿರುಗಿಸುವ ರೋಲಿಂಗ್ ಯಂತ್ರ. ಕೂರುವುದು ನೆಲದ ಮೇಲೆ. ಕಿಟಕಿ ಒಂದೇ, ಅದೂ ಅರ್ಧ ಮುಚ್ಚಿರುತ್ತದೆ. ಕಾಸಿದ ಬೆಳ್ಳಿ ಎಷ್ಟು ಕೆಂಪಾಯಿತು ಎನ್ನುವುದು ಕತ್ತಲಿದ್ದರೆ ಮಾತ್ರ ಕಣ್ಣಿಗೆ ಗೊತ್ತಾಗುತ್ತದೆ. ಬಿಸಿಲಿನಲ್ಲಿ ಕಾಸಿದವನು ಬೆಳ್ಳಿಯನ್ನು ಕರಗಿಸಿಕೊಂಡು ಕೂರುತ್ತಾನೆ. ಸಂಜೆ ಮನೆಗೆ ಹೊರಡುವಾಗ ಕೈಕಾಲು ಕೊಡವಿ, ತೊಡೆಯ ಮೇಲಿನ ಬಟ್ಟೆ ಕೊಡವಿ, ನೆಲ ಗುಡಿಸಿ, ಆ ಕಸವನ್ನು ಡಬ್ಬಿಗೆ ಹಾಕಿಯೇ ಬಾಗಿಲು ದಾಟಬೇಕು. ಅಮಾವಾಸ್ಯೆಯ ದಿನ ಕೋಣೆಗೆ ಬೀಗ.

ನಾನು ಹೇಳಹೊರಟಿರುವುದು ಒಂದು ಜಡೆಬಿಲ್ಲೆಯ ವಿಚಾರ. ಅದನ್ನು ಮಾಡಿಸಿದವಳು ನನ್ನ ಅಕ್ಕ.

ಮಗಳ ರಂಗಪ್ರವೇಶ ನಿಶ್ಚಯವಾದ ವಾರವೇ ಅಕ್ಕ ಒಂದು ಕರವಸ್ತ್ರದ ಗಂಟು ತಂದಳು. ಅದರೊಳಗೆ ಅವಳ ಮದುವೆಯ ಕಾಲ್ಗೆಜ್ಜೆ ಒಂದು ಜೊತೆ, ಸೊಟ್ಟಗಾದ ಕುಂಕುಮದ ಬಟ್ಟಲು ಒಂದು. ಒಟ್ಟು 96 ಗ್ರಾಂ. "ಇದರಲ್ಲಿ ಮಗುವಿಗೆ ಜಡೆಬಿಲ್ಲೆ ಮಾಡಿಕೊಡು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅನ್ನುತ್ತಾರೆ, ನೋಡೋಣ ನೀನು ಏನು ಮಾಡುತ್ತೀಯೋ" ಎಂದು ನಕ್ಕಳು. ಮರುದಿನ ನಾನು ಇದನ್ನು ಆಚಾರ್ರಿಗೆ ಹೇಳಿದೆ. ಅವರೂ ನಕ್ಕರು, ಕೆಮ್ಮು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಉದ್ದನೆಯ ಲೆಕ್ಕದ ಪುಸ್ತಕ ತೆಗೆದು ಹೊಸ ಹಾಳೆಯ ಮೇಲೆ 96.0 ಎಂದು ಬರೆಸಿದರು. ಗಾದೆ ಮಾಡಿದವರು ಯಾರೋ ಗೊತ್ತಿಲ್ಲ, ಅದರ ಭಾರವನ್ನು ಈ ಜನ ತಲೆಮಾರುಗಳಿಂದ ಹೊರುತ್ತಾ ಬಂದಿದ್ದಾರೆ.

ಗೆಜ್ಜೆಯ ಬೆಳ್ಳಿ ನೇರವಾಗಿ ಕೆಲಸಕ್ಕೆ ಬರುವುದಿಲ್ಲ. ಕೊಂಡಿಕೊಂಡಿಗೂ ಬೆಸುಗೆ ಇರುತ್ತದೆ, ಬೆಸುಗೆಯಲ್ಲಿ ತಾಮ್ರ, ಸತು. ಶುದ್ಧ ಮಾಡಿಸಿದಾಗ ಕೈಗೆ ಬಂದದ್ದು 78 ಗ್ರಾಂ. ಅಪ್ಪಟ ಬೆಳ್ಳಿ ಬೆಣ್ಣೆಯಂತೆ, ಜಡೆಯಲ್ಲಿ ಆಕಾರ ನಿಲ್ಲದು. ಅಂಗಡಿಗಳಲ್ಲಿ ಮಾರುವ, ನೂರಕ್ಕೆ 92.5 ಪಾಲು ಶುದ್ಧವಾದ ಬೆಳ್ಳಿ ತಟ್ಟುವವರಿಗೆ ಸ್ವಲ್ಪ ಗಡುಸು. ಆಚಾರ್ರು ನಡುವಿನ ದಾರಿ ಹಿಡಿದು 4 ಗ್ರಾಂ ತಾಮ್ರ ಬೆರೆಸಲು ಹೇಳಿದರು. ಒಟ್ಟು 82 ಆಯಿತು.

ಚಿತ್ರ ನನ್ನ ತಲೆಯಲ್ಲಿ ಮೊದಲೇ ಸಿದ್ಧವಿತ್ತು. ಬನ್ನೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಎಷ್ಟು ಸಲ ಸೋಮನಾಥಪುರಕ್ಕೆ ಹೋಗಿದ್ದೇನೋ ಲೆಕ್ಕವಿಲ್ಲ. 1258ರ ಆ ಕೇಶವ ದೇವಾಲಯದ ಒಳಗೆ ನಿಂತು ಕತ್ತೆತ್ತಿದರೆ ಅಂಕಣ ಅಂಕಣಕ್ಕೂ ಚಾವಣಿಯ ಬಗೆ ಬೇರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬಾಳೆಮೊಗ್ಗಿನ ಚಾವಣಿ. ಸುತ್ತಿನ ಮೇಲೆ ಸುತ್ತಾಗಿ ಒಳಕ್ಕೆ ಏರಿದ ಗುಳಿಯ ನಡುವಿನಿಂದ ಕಲ್ಲಿನ ಮೊಗ್ಗು ಕೆಳಕ್ಕೆ ಇಳಿಬಿದ್ದಿದೆ. ಹೊರಗೋಡೆಯ ವಿಗ್ರಹಗಳ ಕೆಳಗೆ ಮಲ್ಲಿತಮ್ಮ ಎಂದು ಕೆಲಸಗಾರ ಹೆಸರು ಕೊರೆದಿದ್ದಾನೆ. ಬೇಲೂರಿನಲ್ಲಿ ದಾಸೋಜ, ಅವನ ಮಗ ಚಾವಣ ಇದ್ದಾರಲ್ಲ, ಹಾಗೆ. ಆಚಾರ್ರು ಓದಿದ್ದು ಏಳನೆಯ ತರಗತಿ. ಆದರೆ ದಾಸೋಜ ಎಂದರೆ ಸಾಕು, "ಓಜ ಎಂದರೆ ನಮ್ಮವರೇ" ಎಂದು ಬೆನ್ನು ನೆಟ್ಟಗೆ ಮಾಡುತ್ತಾರೆ.

ಬಾಲ್ಯದ ಇನ್ನೊಂದು ಚಿತ್ರವೂ ಇತ್ತು, ಅಂಬಾರಿ. ಅಪ್ಪನ ಹೆಗಲ ಮೇಲೆ ಕೂತು ಜಂಬೂಸವಾರಿ ನೋಡಿದಾಗ ಅದು ಇಡಿಯಾಗಿ ಚಿನ್ನದ ಗಟ್ಟಿಯೆಂದೇ ನಂಬಿದ್ದೆ. ಸುಮಾರು 750 ಕೆಜಿ ತೂಗುವ ಅದರ ಒಡಲು ಮರ, ಮೇಲೆ ಹೊದಿಸಿರುವುದು ಚಿನ್ನದ ತಗಡು, ಬಳ್ಳಿಗಳೆಲ್ಲ ತಟ್ಟಿ ಎಬ್ಬಿಸಿದವು ಎಂದು ತಿಳಿದಾಗ ಮೊದಲು ಮೋಸ ಹೋದಂತೆ ಅನಿಸಿತು. ಆಮೇಲೆ ಅದೇ ಕೆಲಸದ ಹುಚ್ಚು ಹಿಡಿಯಿತು. ತಗಡನ್ನು ಹಿಂದಿನಿಂದ ತಟ್ಟಿ ಮುಂದೆ ಹೂವು ಅರಳಿಸುವ ಈ ಕೆಲಸಕ್ಕಾಗಿಯೇ ನಾನು ಉಳಿ, ಕಲ್ಲು ಬಿಟ್ಟು ಈ ಕೋಣೆಗೆ ಬಂದದ್ದು.

ಹೀಗೆ ಚಾವಣಿಯೂ ಅಂಬಾರಿಯೂ ತಲೆಯಲ್ಲಿ ತುಂಬಿಕೊಂಡಿದ್ದಾಗ ಬೆಳ್ಳಿ ಕರಗಿಸಿದೆವು. ಮೂಸೆಗೆ ಬೆಳ್ಳಿ ಹಾಕಿ, ಚಿಟಿಕೆ ಬಿಳಿಗಾರ ಉದುರಿಸಿ, ಗ್ಯಾಸಿನ ಉರಿ ಹಿಡಿದರೆ 960 ಡಿಗ್ರಿಯ ಆಸುಪಾಸಿನಲ್ಲಿ ಅದು ಒಮ್ಮೆಗೇ ದುಂಡಗಾಗಿ ಕನ್ನಡಿಯಂತೆ ಹೊರಳುತ್ತದೆ. ಕರಗಿದ ಬೆಳ್ಳಿ ಗಾಳಿಯ ಆಮ್ಲಜನಕವನ್ನು ಹೀರಿಕೊಂಡಿರುತ್ತದೆ. ಆರುವಾಗ ಅದನ್ನು ಉಗುಳುತ್ತದೆ, ಮೈಯಲ್ಲಿ ಗುಳ್ಳೆ ಏಳುತ್ತದೆ. ಎಣ್ಣೆ ಸವರಿದ ಕಬ್ಬಿಣದ ಅಚ್ಚಿಗೆ ತಡಮಾಡದೆ ಎರೆಯಬೇಕು. ನಾನು ಎರೆದೆ. ಭಗ್ಗನೆ ಎಣ್ಣೆ ಹೊತ್ತಿಕೊಂಡಿತು, ನಾನು ಹಿಂದಕ್ಕೆ ಸರಿದೆ, ಆದರೆ ಕೈ ನಡುಗಲಿಲ್ಲ. ಆ ದಿನ ಆಚಾರ್ರಿಂದ ಸಿಕ್ಕಿದ್ದು "ಹೂಂ" ಒಂದೇ, ಅದನ್ನು ನಾನು ಹೊಗಳಿಕೆಯೆಂದೇ ಎಣಿಸಿಕೊಂಡೆ.

ಗಟ್ಟಿಯನ್ನು ತಟ್ಟಿ, ಯಂತ್ರಕ್ಕೆ ಕೊಟ್ಟು, ಕಾಸಿ, ಮತ್ತೆ ಕೊಟ್ಟು 0.6 ಮಿಲಿಮೀಟರಿನ ತಗಡು ಮಾಡಲು ಎರಡು ದಿನ. ತಟ್ಟಿದಷ್ಟೂ ಬೆಳ್ಳಿ ಬಿಗಿಯುತ್ತದೆ, ಕಾಸಿದರೆ ಮತ್ತೆ ಮೆತ್ತಗಾಗುತ್ತದೆ. ಸುತ್ತಿಗೆಯ ಸದ್ದು ಮೊದಲು ಮಂದವಾಗಿದ್ದದ್ದು ಕ್ರಮೇಣ ಕಿಣಿಕಿಣಿ ಎನ್ನತೊಡಗುತ್ತದೆ. ಕಿಣಿ ಎಂದರೆ ಕಾಸುವ ಹೊತ್ತಾಯಿತು ಎಂದರ್ಥ.

ಇನ್ನು ಅರಗು. ತಗಡನ್ನು ಬರಿಯ ಕಲ್ಲಿನ ಮೇಲಿಟ್ಟು ತಟ್ಟಿದರೆ ಚಪ್ಪಟೆಯಾಗುತ್ತದೆ, ಮೆತ್ತನೆಯದರ ಮೇಲಿಟ್ಟರೆ ಕುಸಿಯುತ್ತದೆ. ಕೊಡಬೇಕಾದಷ್ಟೇ ಜಾಗ ಕೊಟ್ಟು ಹಿಡಿದುಕೊಳ್ಳುವ ಹಾಸಿಗೆ ಬೇಕು. ರಾಳ ಕರಗಿಸಿ, ಬಟ್ಟೆಯಲ್ಲಿ ಜರಡಿ ಹಿಡಿದ ಇಟ್ಟಿಗೆಪುಡಿ ಬೆರೆಸಿ, ಕಡಲೆಕಾಯಿ ಎಣ್ಣೆ ಬಿಟ್ಟು ಕಲಸುತ್ತೇವೆ. ನಮ್ಮ ಕೋಣೆಯಲ್ಲಿ ಇದನ್ನು ಅರಗು ಎನ್ನುವುದೇ ರೂಢಿ. ಎಣ್ಣೆಯ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಧನುರ್ಮಾಸದಲ್ಲಿ ಒಂದಿಷ್ಟು ಹೆಚ್ಚು, ಯುಗಾದಿ ಕಳೆದ ಮೇಲೆ ಕಡಿಮೆ. ಉಗುರು ಒತ್ತಿದರೆ ಗುರುತು ಬೀಳಬೇಕು, ಬೆರಳು ಒತ್ತಿದರೆ ಬೀಳಬಾರದು. ನನ್ನ ಮೊದಲ ಪಾಕ ಹಲ್ವದಂತಾಗಿತ್ತು.

ತಟ್ಟಲು ಚಾಣಗಳು. ಆಚಾರ್ರ ತಗಡಿನ ಡಬ್ಬಿಯಲ್ಲಿ ಎಂಬತ್ತಕ್ಕೂ ಹೆಚ್ಚು ಇವೆ, ಒಂದೂ ಕೊಂಡದ್ದಲ್ಲ. ಕಾಂಕ್ರೀಟ್ ಮೊಳೆ, ಮುರಿದ ಅರ, ಸ್ಕೂಟರಿನ ಯಾವುದೋ ಕಡ್ಡಿ, ಎಲ್ಲವನ್ನೂ ತಿಕ್ಕಿ ತುದಿ ಮಾಡಿದ್ದಾರೆ. ಯಾವುದರ ತುದಿಯೂ ಹರಿತವಲ್ಲ. ಈ ಕೆಲಸದಲ್ಲಿ ಲೋಹವನ್ನು ಕತ್ತರಿಸುವ ಮಾತಿಲ್ಲ, ತಳ್ಳಿಕೊಂಡು ಹೋಗುವುದಷ್ಟೇ. ಮುಂದಿನಿಂದ ಗೆರೆ ಹಾಕಿ, ಅರಗು ಬಿಸಿ ಮಾಡಿ ತಗಡು ಕಳಚಿ, ಸೀಮೆಎಣ್ಣೆಯಲ್ಲಿ ಒರೆಸಿ, ಕಾಸಿ, ಮಗುಚಿ ಕೂರಿಸಿ, ಹಿಂದಿನಿಂದ ಉಬ್ಬಿಸಿ, ಮತ್ತೆ ಕಳಚಿ, ಮತ್ತೆ ಮುಂದಿನಿಂದ ತಿದ್ದಬೇಕು. ಕಲ್ಲಿನಲ್ಲಿ ತೆಗೆದದ್ದು ಹೋಯಿತು, ಮರಳಿ ಬಾರದು. ಇಲ್ಲಿ ಹಾಗಿಲ್ಲ, ಇದ್ದಷ್ಟೇ ಬೆಳ್ಳಿ ಅತ್ತಿತ್ತ ಸರಿದಾಡುತ್ತದೆ. ಉಬ್ಬಿದಲ್ಲೆಲ್ಲ ತೆಳುವಾಗುತ್ತಾ ಹೋಗುತ್ತದೆ ಎನ್ನುವುದನ್ನು ಮರೆತರೆ ಮಾತ್ರ ಕಷ್ಟ.

ನಾನು ಮರೆತೆ. ಸೋಮನಾಥಪುರದ ಆಳ ನನಗೆ ಬೇಕಿತ್ತು. ಸುತ್ತಿನೊಳಗೆ ಸುತ್ತು, ನಡುವೆ ಎದ್ದು ನಿಂತ ಮೊಗ್ಗು. ಹದಿನೆಂಟನೆಯ ದಿನ ಮಧ್ಯಾಹ್ನ, ಮೊಗ್ಗಿನ ತುದಿಗೆ ಇನ್ನೊಂದೇ ಪೆಟ್ಟು ಎಂದುಕೊಂಡು ಹಾಕಿದೆ. ಚಾಣ ಒಳಗೆ ಇಳಿಯಿತು. ತಗಡು ಹರಿಯುವ ಸದ್ದು ಬಹಳ ಸಣ್ಣದು, ಒಣ ಎಲೆ ಮುರಿದಷ್ಟು.

ಆಚಾರ್ರು ತಲೆಯೆತ್ತಲಿಲ್ಲ. "ಎಷ್ಟು ಸಲ ಕಾಸಿದೆಯಮ್ಮ?" ಎಂದರು.

"ಮೂರು ಸಲ."

ಎದ್ದು ಬಂದರು. ತಗಡು ಕಳಚಿ, ಮಗುಚಿ, ಹರಿದ ಅಂಚಿಗೆ ಉಗುರು ತಾಗಿಸಿದರು. "ಒಂದೇ ಸಲ ಎಂದು ಬೆಳ್ಳಿ ಹೇಳುತ್ತಿದೆಯಲ್ಲ."

ಒಂದೇ ಸಲ. ಎರಡನೆಯ ಸಲ ಕಾಸಿದರೆ ಗೆರೆಗಳ ಚೂಪು ಹೋದೀತು ಎಂದು ಅವಸರ ಮಾಡಿದ್ದೆ. ತೇಪೆ ಹಾಕಿ ಬೆಸೆಯಬಹುದೇ ಎಂದು ಕೇಳಿದೆ. ಅವರು ಉತ್ತರ ಕೊಡದೆ ಮೂಸೆ ತಂದಿಟ್ಟರು. ಹದಿನೆಂಟು ದಿನದ ಬಾಳೆಮೊಗ್ಗು ನಾಲ್ಕು ನಿಮಿಷದಲ್ಲಿ ಮತ್ತೆ ದುಂಡಗಿನ ಹನಿಯಾಯಿತು.

ಆಮೇಲೆ ಚಹಾ ಬಂತು. ಲೋಟ ಹಿಡಿದುಕೊಂಡೇ ನನ್ನ ಮೊಬೈಲಿನಲ್ಲಿದ್ದ ಚಾವಣಿಯ ಚಿತ್ರ ಕೇಳಿ ಪಡೆದು, ಬಹಳ ಹೊತ್ತು ನೋಡಿದರು. "ಇದನ್ನು ಮಲಗಿಕೊಂಡು ನೋಡಬೇಕು. ಬೆಳಕು ಬಾಗಿಲಿನಿಂದ ಬಂದು ಕೆಳಗಿನಿಂದ ಮೇಲಕ್ಕೆ ಏರುತ್ತದೆ, ಅದಕ್ಕೇ ಆಳ ಬೇಕು. ಜಡೆಯ ಮೇಲೆ ಬೆಳಕು ಮೇಲಿನಿಂದ ಬೀಳುತ್ತದೆ. ಇಷ್ಟು ಎದ್ದರೆ ಕುರ್ಚಿಗೆ ಒರಗಿದ ತಕ್ಷಣ ತಲೆಗೆ ಒತ್ತುತ್ತದೆ, ಸೆರಗು ಸಿಕ್ಕುತ್ತದೆ. ಕಲ್ಲಿನವನಿಗೆ ಕೊಕ್ಕೆಯ ಚಿಂತೆ ಇತ್ತೇ?"

ನಾನು ಯೋಚಿಸಿಯೇ ಇರಲಿಲ್ಲ. ಬೇಲೂರಿನ ಮದನಿಕೆಯರ ಮೈಮೇಲಿನ ಒಡವೆಗಳನ್ನು ಕಾಲೇಜಿನ ದಿನಗಳಲ್ಲಿ ಪುಸ್ತಕಗಟ್ಟಲೆ ಬರೆದುಕೊಂಡಿದ್ದೇನೆ. ಹಾರ, ತೋಳಬಂದಿ, ಒಡ್ಯಾಣ, ಕಡಗ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುವುದರಿಂದ ಮಣಿಮಣಿಯ ಕೆಳಗೂ ಕೊರೆದಿದ್ದಾರೆ, ಹಾರದ ನೆರಳು ಎದೆಯ ಮೇಲೆ ಬೀಳುತ್ತದೆ. ಆ ಹಾರವನ್ನು ಹಾಕಿಕೊಳ್ಳುವುದು ಹೇಗೆ, ಬಿಚ್ಚುವುದು ಎಲ್ಲಿ ಎಂದು ಆ ಪುಸ್ತಕಗಳಲ್ಲಿ ಒಂದು ಗೆರೆಯೂ ಇಲ್ಲ. ಕನ್ನಡಿ ಹಿಡಿದ ದರ್ಪಣ ಸುಂದರಿಯ ಜಡೆ ಹೇಗಿದೆ ಎಂದು ಈ ಬಿಲ್ಲೆಯ ನೆಪದಲ್ಲಿ ಮತ್ತೊಮ್ಮೆ ಹೋಗಿ ಹುಡುಕಿದೆ. ಬೆನ್ನು ಕಂಬಕ್ಕೂ ಚಾವಣಿಗೂ ನಡುವಿನ ಕತ್ತಲಿಗೆ ತಿರುಗಿತ್ತು, ಕೆಳಗೆ ನಿಂತವಳಿಗೆ ಏನೂ ಕಾಣಲಿಲ್ಲ. ಕಲ್ಲಿನ ಒಡವೆಗೆ ತೂಕವೂ ಇಲ್ಲ, ಕೊಂಡಿಯೂ ಇಲ್ಲ, ಒಳಗೆ ಬೆವರುವ ಮೈಯೂ ಇಲ್ಲ. ನಾನು ಅದರಿಂದ ಮುಖವನ್ನಷ್ಟೇ ಕಲಿತಿದ್ದೆ.

ಎರಡನೆಯ ಬಾರಿ ಮೊದಲು ಬೆನ್ನಿನ ಚಿತ್ರ ಬರೆದೆ. ಎಲ್ಲಿ ಕೊಕ್ಕೆ, ಭಾರದ ನಡು ಎಲ್ಲಿ, ಕೊಕ್ಕೆ ನಡುವಿಗಿಂತ ಎಷ್ಟು ಮೇಲಿದ್ದರೆ ಬಿಲ್ಲೆ ಮುಂದಕ್ಕೆ ವಾಲದು. ಆಮೇಲೆ ಮುಖ. ಬಾಳೆಮೊಗ್ಗನ್ನು ಬಿಡಲಿಲ್ಲ. ಈ ಸಲ ನಂಜನಗೂಡು ರಸಬಾಳೆಯ ಗಿಡದ ಮುಂದೆ ಕೂತು ಬರೆದೆ, ಗುಡಿಯ ಮುಂದೆ ಅಲ್ಲ. ಮೊಗ್ಗಿನ ಒಂದು ಹಾಳೆ ಮೇಲಕ್ಕೆ ಸುರುಳಿ ಸುತ್ತಿಕೊಂಡಾಗ ಅದರ ಬುಡದಲ್ಲಿ ಸಾಲಾಗಿ ಕೂತ ಎಳೆ ಹೂಗಳು ಕಾಣುತ್ತವಲ್ಲ, ಅಷ್ಟನ್ನೇ ತೆಗೆದುಕೊಂಡೆ. ಎಂಟು ಹಾಳೆ, ನಡುವೆ ತಗ್ಗಾದ ಉಬ್ಬು. ಎತ್ತರ ಅರ್ಧಕ್ಕರ್ಧ ಇಳಿಯಿತು. ತಗಡನ್ನು ಆರು ಸಲ ಕಾಸಿದೆ. ಪ್ರತಿ ಸಲವೂ ಲೆಕ್ಕದ ಪುಸ್ತಕದ ಅಂಚಿನಲ್ಲಿ ಒಂದು ಗೆರೆ ಎಳೆದೆ. ಆಚಾರ್ರು ಕೇಳಲಿಲ್ಲ, ಆದರೂ ಎಳೆದೆ.

ಹೂಗಳಿಗೆ ರವೆ, ಅಂದರೆ ಬೆಳ್ಳಿಯ ಸಣ್ಣ ಗುಂಡುಗಳು, ಬೇಕಿತ್ತು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಕಂಬಚ್ಚಿನ ತೂತುಗಳಲ್ಲಿ ಬೆಳ್ಳಿಯನ್ನು ಎಳೆದೆಳೆದು ಕೂದಲಿಗಿಂತ ಸ್ವಲ್ಪ ದಪ್ಪದ ತಂತಿ ಮಾಡಿ, ಅದನ್ನು ಮೊಳೆಗೆ ಸುತ್ತಿ, ಸುತ್ತುಗಳನ್ನು ಉದ್ದಕ್ಕೆ ಕತ್ತರಿಸಿದರೆ ಎಲ್ಲವೂ ಒಂದೇ ಅಳತೆಯ ಉಂಗುರಗಳು. ಅವನ್ನು ಇದ್ದಿಲಿನ ಪುಡಿಯ ಮೇಲೆ ಬಿಡಿಬಿಡಿಯಾಗಿ ಉದುರಿಸಿ ಉರಿ ತೋರಿಸಿದರೆ ಒಂದೊಂದೇ ಉಂಗುರ ಮೈ ಮುದುರಿಕೊಂಡು ತಾನಾಗಿಯೇ ಗುಂಡಾಗುತ್ತದೆ. ಯಾರೂ ಉರುಟಬೇಕಿಲ್ಲ. ಸಾಸಿವೆ ಸಿಡಿದಂತೆ ಸಾಲಾಗಿ ಗುಂಡಾಗುವುದನ್ನು ನೋಡುತ್ತಾ ನಾನು ಊಟ ಮರೆತಿದ್ದೇನೆ. ಈ ರವೆಗಳನ್ನು ತಗಡಿಗೆ ಅಂಟಿಸಿಡಲು ಗುಲಗಂಜಿ. ಹಿಂದಿನವರು ಚಿನ್ನ ತೂಗುತ್ತಿದ್ದ ಅದೇ ಕೆಂಪು ಬೀಜವನ್ನು ನೀರು ಹಾಕಿ ಕಲ್ಲಿನ ಮೇಲೆ ತೇದರೆ ಬಿಳಿಯ ಅಂಟು ಬರುತ್ತದೆ. ಉರಿ ತಾಗಿದಾಗ ಸುಟ್ಟುಹೋಗಿ, ಬೆಸುಗೆ ಹರಿಯುವವರೆಗೆ ರವೆಯನ್ನು ಕದಲದಂತೆ ಹಿಡಿದಿರುತ್ತದೆ. ವಿಷದ ಬೀಜ, ತೇದ ಕೈಯನ್ನು ಬಾಯಿಗೆ ತಾಗಿಸದೆ ತೊಳೆಯಬೇಕು. ಹಾಳೆಗೆ ಎಂಟರಂತೆ 64 ರವೆ.

ರವೆಯ ಬೆಸುಗೆಗೆ ಆಚಾರ್ರು ಗ್ಯಾಸಿನ ಉರಿ ಮುಟ್ಟುವುದಿಲ್ಲ. ದೀಪದ ಉರಿಗೆ ಊದುಗೊಳವಿ ಹಿಡಿದು ಕೆನ್ನೆ ಉಬ್ಬಿಸಿ ಊದುತ್ತಾರೆ. ಮೂಗಿನಲ್ಲಿ ಉಸಿರೆಳೆದುಕೊಳ್ಳುತ್ತಲೇ ಬಾಯಲ್ಲಿ ಬಿಡುತ್ತಾರೆ, ಉರಿ ಒಮ್ಮೆಯೂ ತುಂಡಾಗುವುದಿಲ್ಲ. ನನಗೆ ಇನ್ನೂ ಬಂದಿಲ್ಲ. ತಲೆ ಸುತ್ತುತ್ತದೆ. ಉರಿಯನ್ನು ರವೆಗೆ ಹಿಡಿಯಬಾರದು, ಸುತ್ತಲಿನ ತಗಡಿಗೆ ಹಿಡಿಯಬೇಕು. ಬೆಸುಗೆ ಎಲ್ಲಿ ಬಿಸಿ ಹೆಚ್ಚೋ ಅತ್ತ ಓಡುತ್ತದೆ. ಬೆಸುಗೆಯ ವಿಷಯದಲ್ಲಿ ಆಚಾರ್ರಿಗೆ ಒಂದು ಹಟವಿದೆ. ಕೆಡಿಎಂ ಎಂದು ಜನ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರಲ್ಲ, ಆ ಮೂರು ಅಕ್ಷರ ಬಂದದ್ದು ಕ್ಯಾಡ್ಮಿಯಂನಿಂದ. ಅದು ಬೆರೆತ ಬೆಸುಗೆ ಸಲೀಸಾಗಿ ಹರಿಯುತ್ತದೆ, ಹೊಗೆ ಮಾತ್ರ ಶ್ವಾಸಕೋಶಕ್ಕೆ ವಿಷ. ಈ ಗಲ್ಲಿಯಲ್ಲಿ ಅದನ್ನು ಉಸಿರಾಡಿದವರನ್ನು ಅವರು ಕಂಡಿದ್ದಾರೆ. ನಮ್ಮ ಕೋಣೆಗೆ ಅದು ಬರುವುದಿಲ್ಲ.

ಇಷ್ಟೆಲ್ಲ ಸುಸೂತ್ರವಾಗಿ ನಡೆದ ಮೇಲೆ ನಾನು ಒಂದು ಪೆದ್ದುತನ ಮಾಡಿದೆ. ಬೆನ್ನಿನ ಪಟ್ಟಿಯನ್ನು ಬೆಸೆಯಲು ಕಬ್ಬಿಣದ ತಂತಿಯಿಂದ ಬಿಗಿದು ಕಟ್ಟಿದ್ದೆ. ಬೆಸೆದಾದ ಮೇಲೆ ತಂತಿ ಬಿಚ್ಚದೆ ಹಾಗೆಯೇ ಬಿಲ್ಲೆಯನ್ನು ಆಮ್ಲದ ಬೋಗುಣಿಗೆ ಇಳಿಸಿದೆ. ಆಮ್ಲದಲ್ಲಿ ಹಿಂದಿನ ಕೆಲಸಗಳ ತಾಮ್ರ ಕರಗಿಕೊಂಡಿರುತ್ತದೆ. ಕಬ್ಬಿಣ ಬಿದ್ದದ್ದೇ ತಡ, ಅದೆಲ್ಲ ಬಂದು ಬೆಳ್ಳಿಯ ಮೇಲೆ ಕೂರುತ್ತದೆ. ತೆಗೆದು ನೋಡಿದರೆ ನನ್ನ ಬಾಳೆಮೊಗ್ಗು ಎಳೆ ಮಗುವಿನ ಪಾದದಂತೆ ನಸುಗೆಂಪು. ಅಳು ಬಂತು. ಆಚಾರ್ರಿಗೆ ನಗು ಬಂತು. ತಾನೂ ಹದಿನೈದನೆಯ ವಯಸ್ಸಿನಲ್ಲಿ ಒಂದು ದೇವರ ಕಿರೀಟವನ್ನು ಹೀಗೆ ಕೆಂಪು ಮಾಡಿ ಅಪ್ಪನಿಂದ ಹೊಡೆತ ತಿಂದದ್ದನ್ನು ಆ ದಿನ ಹೇಳಿದರು. ಕಾಸಿ, ಹೊಸ ಆಮ್ಲದಲ್ಲಿ ಅದ್ದಿ, ಮತ್ತೆ ಕಾಸಿ, ಮತ್ತೆ ಅದ್ದಿ ಬಿಳುಪು ತಂದೆವು. ಆಮೇಲೆ ಹುಣಸೆಹುಳಿ, ಅಂಟುವಾಳದ ನೊರೆ, ಹಿತ್ತಾಳೆಯ ಬ್ರಷ್.

ಕೊನೆಗೆ ಹತ್ತಿಯ ಪರೀಕ್ಷೆ. ಆಚಾರ್ರು ಹತ್ತಿಯ ಉಂಡೆಯೊಂದನ್ನು ಬಿಲ್ಲೆಯ ಬೆನ್ನಿನ ಮೇಲೆ ಮೆಲ್ಲಗೆ ಎಳೆಯುತ್ತಾರೆ. ಎಲ್ಲಾದರೂ ಒಂದು ಎಳೆ ಸಿಕ್ಕಿಕೊಂಡರೆ ಅಲ್ಲಿ ಮುಳ್ಳಿದೆ, ನಾಳೆ ಅಲ್ಲಿ ಕೂದಲು ಸಿಕ್ಕುತ್ತದೆ. ಏಳು ಕಡೆ ಸಿಕ್ಕಿತು. ಅರ ಹಾಕಿದೆ. ಮೂರು ಕಡೆ. ಮತ್ತೆ ಹಾಕಿದೆ. ನಾಲ್ಕನೆಯ ಸಲ ಹತ್ತಿ ಜಾರಿಕೊಂಡು ಹೋಯಿತು. ಪಕ್ಕದ ಕಟ್ಟಡದಲ್ಲಿ ಬಂಗಾಳದ ಹುಡುಗರು ಮೇಣದ ಅಚ್ಚಿನಲ್ಲಿ ಎರಕ ಹೊಯ್ದು ದಿನಕ್ಕೆ ಹತ್ತು ಬಿಲ್ಲೆ ಇಳಿಸುತ್ತಾರೆ. ನಾನು ಅದನ್ನು ಹೀಗಳೆಯುವವಳಲ್ಲ, ನನ್ನ ಸರಗಳ ಕೊಂಡಿ ಎಷ್ಟೋ ಸಲ ಅಲ್ಲಿಂದಲೇ ಬರುತ್ತದೆ. ಆದರೆ ಅವುಗಳ ಬೆನ್ನಿನ ಮೇಲೆ ಒಮ್ಮೆ ಹತ್ತಿ ಎಳೆದು ನೋಡಿ.

ಗೆರೆಗಳ ಸಂದಿಗೆ ಕಪ್ಪು ಬರಬೇಕೆಂಬುದು ನನ್ನ ಆಸೆಯಾಗಿತ್ತು. ಅದಕ್ಕೆ ಸುಲಭದ ದಾರಿ ಬೇಯಿಸಿದ ಮೊಟ್ಟೆ. ಬಿಸಿ ಮೊಟ್ಟೆಯನ್ನು ಒಡೆದು ಬೆಳ್ಳಿಯ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟರೆ ಮೊಟ್ಟೆಯ ಗಂಧಕ ತನ್ನ ಕೆಲಸ ಮಾಡುತ್ತದೆ. ಕಾಳಿಕಾಂಬೆಯ ಮುಂದೆ ಮೊಟ್ಟೆ ಒಡೆಯುವ ಧೈರ್ಯ ನನಗಿರಲಿಲ್ಲ, ಬಾಡಿಗೆ ಕೋಣೆಯಲ್ಲಿ ರಾತ್ರಿ ಮಾಡಿದೆ. ಉಬ್ಬಿದ ಕಡೆ ಒರೆಸಿದಾಗ ಸೋಮನಾಥಪುರದ ನೆರಳೇ ಬಂದು ಕೂತ ಹಾಗಿತ್ತು. ನನ್ನನ್ನು ನಾನೇ ಬಹಳ ಮೆಚ್ಚಿಕೊಂಡೆ.

ಅಕ್ಕ ನೋಡಿ, "ಇದೇನೇ, ಹೊಗೆ ಹಿಡಿದ ಹಾಗಿದೆ?" ಎಂದಳು. ಭರತನಾಟ್ಯಕ್ಕೆ ತಲೆಯಿಂದ ಕಾಲಿನವರೆಗೆ ಹೊನ್ನಿನ ಬಣ್ಣ, ನಡುವೆ ಇದೊಂದು ಕಪ್ಪು ಬಿಲ್ಲೆ ಹಾಕಿದರೆ ಜನ ಏನಂದಾರು ಎಂಬುದು ಅವಳ ಪ್ರಶ್ನೆ. ನಾನು ಅರ್ಧ ಗಂಟೆ ವಾದಿಸಿದೆ. ಆಚಾರ್ರ ಬೆಂಬಲ ಕೇಳಿದರೆ ಅವರು, "ಹಾಕಿಕೊಳ್ಳುವವರ ಜಡೆ, ಅವರ ಇಷ್ಟ" ಎಂದುಬಿಟ್ಟರು. ಕಪ್ಪನ್ನೆಲ್ಲ ತಿಕ್ಕಿ ತೆಗೆದು ಚಿನ್ನದ ನೀರು ಕುಡಿಸಲು ಕಳುಹಿಸಿದೆ. ಹಿಂದೆ ಚಿನ್ನವನ್ನು ಪಾದರಸದಲ್ಲಿ ಕಲಸಿ ಬಳಿದು, ಕಾಸಿ ಪಾದರಸವನ್ನು ಹಾರಿಸುತ್ತಿದ್ದರು, ಆ ಹೊಗೆ ಕುಡಿದವರ ಕೈಕಾಲು ನಡುಗುತ್ತಿದ್ದವು. ಈಗ ತೊಟ್ಟಿಗೆ ಅದ್ದಿ ವಿದ್ಯುತ್ ಹರಿಸಿದರೆ ಮುಗಿಯಿತು. ಅರ್ಧ ದಿನದಲ್ಲಿ ಬಂತು, ಮುಖವೂ ಬೆನ್ನೂ ಒಂದೇ ಹಳದಿ.

ಕೊಡುವ ದಿನ ಲೆಕ್ಕ ಒಪ್ಪಿಸಿದೆ. ಚಿನ್ನದ ನೀರಿಗೆ ಮುಂಚೆ ತೂಗಿದಂತೆ ಬಿಲ್ಲೆ 43.4 ಗ್ರಾಂ, ಉಳಿದ ತಗಡಿನ ಚೂರು ಮತ್ತು ತಂತಿ 34.2, ಅರದ ಪುಡಿ 3.1, ಸವಕಳಿ 1.3. ಒಟ್ಟು 82. ಅಕ್ಕ ಪುಡಿಯ ಪೊಟ್ಟಣ ಬಿಚ್ಚಿ, "ಇದು ಬೂದಿಯಲ್ಲವೇ?" ಎಂದಳು. ಅಲ್ಲ ಎಂದೆ. ಮತ್ತೆ ಜಾಗ್ರತೆಯಿಂದ ಮಡಚಿ ಪರ್ಸಿಗೆ ಹಾಕಿಕೊಂಡಳು.

ರಂಗಪ್ರವೇಶದಲ್ಲಿ ನಾನು ಮೂರನೆಯ ಸಾಲಿನಲ್ಲಿ ಕೂತಿದ್ದೆ. ನರ್ತಕಿ ಪ್ರೇಕ್ಷಕರಿಗೆ ಬೆನ್ನು ಹಾಕುವುದು ಎಷ್ಟು ಕಡಿಮೆ ಎನ್ನುವುದು ಅಂದು ಗೊತ್ತಾಯಿತು. ತಿಲ್ಲಾನದಲ್ಲಿ ಒಮ್ಮೆ ಗಿರ್ರನೆ ತಿರುಗಿದಾಗ ಬಿಲ್ಲೆ ಮಿಂಚಿ ಮರೆಯಾಯಿತು. ಎರಡು ಕ್ಷಣ ಇದ್ದೀತು. ಹಾಳೆಗಳು ಎಂಟೋ ಹತ್ತೋ ಎಂದು ಯಾರೂ ಎಣಿಸಿರಲಾರರು.

ರಾತ್ರಿ ಮನೆಯಲ್ಲಿ ಜಡೆ ಬಿಚ್ಚುವಾಗ ಮಗು "ಆ!" ಎಂದಳು. ಬಿಲ್ಲೆಯ ಜೊತೆ ಒಂದು ಉದ್ದ ಕೂದಲು ಬಂದಿತ್ತು, ಕೊಕ್ಕೆಯ ಬುಡದಲ್ಲಿ ಸುತ್ತಿಕೊಂಡು. ತಂತಿ ಸಡಿಲವಾಗಿದೆ, ಬಿಗಿಮಾಡಿ ತರುತ್ತೇನೆ ಎಂದು ಸುಳ್ಳು ಹೇಳಿ ಇಸಿದುಕೊಂಡು ಬಂದೆ. ಬೆಳಿಗ್ಗೆ ಆಚಾರ್ರ ಕೈಗೆ ಕೊಟ್ಟೆ. ಮಗುಚಿದರು. ಕೂದಲನ್ನು ಬಿಡಿಸಿ, ಉಗುರು ಆಡಿಸಿ, ಜಾಗ ತೋರಿಸಿ ಹಿಂದಕ್ಕೆ ತಳ್ಳಿದರು. "ಅರ ಹಾಕು."

ಹಾಕಿದೆ. ಈಗ ಬೆನ್ನಿನ ಹಳದಿಯ ನಡುವೆ ಎಳ್ಳಿನಷ್ಟು ಬೆಳ್ಳಿ ಕಾಣುತ್ತದೆ. ಅಕ್ಕನಿಗೆ ಇನ್ನೂ ಹೇಳಿಲ್ಲ.